ಶಾಲೆ ಬಿಟ್ಟ ಮೇಲಿನ ಎರಡು ತಾಸು

ಜೂನ್ ತಿಂಗಳು ಬಂತೆಂದರೆ ನಮ್ಮೂರಿನ ವಿದ್ಯುತ್ ಕಂಬಗಳ ಮೇಲೆ ಹೊಸ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ‘ಒಂದರಿಂದ ಹತ್ತನೆಯ ತರಗತಿಯವರೆಗೆ ಎಲ್ಲ ವಿಷಯಗಳಿಗೂ ಮನೆಪಾಠ’, ‘ಶೇಕಡ ನೂರು ಫಲಿತಾಂಶ ಖಚಿತ’ ಎಂಬಂಥವು. ಶಾಲೆಯ ಬಾಗಿಲು ತೆರೆಯುವ ಮೊದಲೇ ಶಾಲೆ ಬಿಟ್ಟ ನಂತರದ ಹೊತ್ತು ಹೀಗೆ ಮಾರಾಟವಾಗಿಬಿಟ್ಟಿರುತ್ತದೆ. ನನ್ನ ಹಳೆಯ ವಿದ್ಯಾರ್ಥಿಗಳು ಈಗ ತಂದೆತಾಯಂದಿರು. ದಾರಿಯಲ್ಲಿ ಸಿಕ್ಕಾಗ ಅವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಮೇಷ್ಟ್ರೇ, ಮಗುವನ್ನು ಎಲ್ಲಿಗೆ ಟ್ಯೂಷನ್ನಿಗೆ ಹಾಕಲಿ?” ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಉತ್ತರ ಅದಕ್ಕಿಲ್ಲವಾದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಸಣ್ಣ ಲೆಕ್ಕ (ಗಣಿತದ ಮೇಷ್ಟರ ಚಪಲ, ಸಹಿಸಿಕೊಳ್ಳಿ). 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆಗಳ ಬೋಧನೆಯಾಗಬೇಕು. ಆರರಿಂದ ಎಂಟನೆಯ ತರಗತಿಯವರಿಗೆ 220 ದಿನ, 1000 ಗಂಟೆ. ವರ್ಷದಲ್ಲಿರುವುದು 8760 ಗಂಟೆಗಳು. ಅಂದಮೇಲೆ ಕಾಯಿದೆಯು ಅಧ್ಯಾಪಕನ ಕೈಗೆ ಒಪ್ಪಿಸುವುದು ಮಗುವಿನ ವರ್ಷದ ಸುಮಾರು ಒಂಬತ್ತನೆಯ ಒಂದು ಪಾಲನ್ನು ಮಾತ್ರ. ಇನ್ನು ಶಾಲೆ ಬಿಟ್ಟ ಮೇಲೆ, ಕತ್ತಲಾಗುವುದರೊಳಗೆ ಸಿಗುವ ಎರಡು ತಾಸನ್ನು ಲೆಕ್ಕ ಹಾಕಿ. 220 ದಿನಗಳಿಗೆ 440 ಗಂಟೆ! ತರಗತಿಯ ಬೋಧನೆಯ ಅರ್ಧಕ್ಕೆ ಹತ್ತಿರ. ಇಷ್ಟು ದೊಡ್ಡ ಹೊತ್ತಿಗೆ ನಮ್ಮ ಊರುಗಳಲ್ಲಿ ಯಾವ ಹೆಸರೂ ಇಲ್ಲ, ಯಾರ ಹೊಣೆಯೂ ಇಲ್ಲ.

ಆ ಹೊತ್ತಿನಲ್ಲಿ ಮಕ್ಕಳು ಏನಾಗುತ್ತಾರೆ ಎಂಬುದನ್ನು ನಾನು ಬಹಳ ವರ್ಷ ನೋಡಿದ್ದೇನೆ. ಅನುಕೂಲಸ್ಥರ ಮಕ್ಕಳು ಚೀಲ ಇಳಿಸದೆಯೇ ಮನೆಪಾಠಕ್ಕೆ ಹೋಗುತ್ತಾರೆ. ಗಂಡುಹುಡುಗರು ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಇತ್ತೀಚೆಗೆ ಒಂದು ಮೊಬೈಲಿನ ಸುತ್ತ ಐದು ತಲೆಗಳಂತೆ ಕುಳಿತಿರುತ್ತಾರೆ. ಹೆಣ್ಣುಮಕ್ಕಳ ಪಾಡು ಬೇರೆ. ಶಾಲೆಯಲ್ಲಿದ್ದಷ್ಟು ಹೊತ್ತು ಅವಳು ವಿದ್ಯಾರ್ಥಿನಿ. ಹೊಸಿಲು ದಾಟಿದ ಕೂಡಲೇ ತಂಗಿಯನ್ನು ಎತ್ತಿಕೊಳ್ಳುವವಳು, ನೀರು ತುಂಬುವವಳು, ಅಮ್ಮ ಕೂಲಿಯಿಂದ ಬರುವುದರೊಳಗೆ ಒಲೆ ಹಚ್ಚುವವಳು. ಮರುದಿನ ಮನೆಗೆಲಸದ ಪುಸ್ತಕ ಖಾಲಿ ತಂದವಳನ್ನು ‘ಏಕೆ ಬರೆಯಲಿಲ್ಲ’ ಎಂದು ಕೇಳುವ ಮುನ್ನ ನಾವು ಕೇಳಬೇಕಾದುದು ‘ಎಲ್ಲಿ ಕುಳಿತು ಬರೆಯಬೇಕಿತ್ತು’ ಎಂಬುದನ್ನು. ಒಂದೇ ಕೋಣೆಯ ಮನೆಯಲ್ಲಿ, ದೂರದರ್ಶನದ ಸದ್ದಿನ ನಡುವೆ, ಆ ಮಗುವಿಗೆ ಒಂದು ಮೂಲೆಯೂ ಇರುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಗ್ರಾಮೀಣ ಪ್ರೌಢಶಾಲೆಗೆ ಸುತ್ತಲಿನ ಐದಾರು ಹಳ್ಳಿಗಳಿಂದ ಮಕ್ಕಳು ಬರುತ್ತಿದ್ದರು. ಶಾಲೆ ನಾಲ್ಕೂಕಾಲಿಗೆ ಬಿಟ್ಟರೆ ಅವರ ಬಸ್ಸು ಬರುತ್ತಿದ್ದುದು ಐದೂಮುಕ್ಕಾಲಿಗೆ. ಒಂದು ಮಳೆಗಾಲದಲ್ಲಿ, ನಿಲ್ದಾಣಕ್ಕೆ ಸೂರಿಲ್ಲವೆಂಬ ಒಂದೇ ಕಾರಣಕ್ಕೆ, ವಿಜ್ಞಾನ ಕೊಠಡಿಯ ಬೀಗ ತೆಗೆದು ಅವರನ್ನು ಒಳಗೆ ಕೂರಿಸಿಕೊಂಡೆವು. ಪಾಠ ಮಾಡಲಿಲ್ಲ. ನಾನು ಉತ್ತರಪತ್ರಿಕೆ ತಿದ್ದುತ್ತ ಕುಳಿತಿರುತ್ತಿದ್ದೆ. ಬೀರುವಿನಲ್ಲಿ ಇಲಾಖೆ ವರ್ಷವರ್ಷವೂ ಕಳಿಸಿದ್ದ ಪುಸ್ತಕಗಳು ಕಟ್ಟು ಬಿಚ್ಚದೆ ಇದ್ದವು. ಅವನ್ನು ಮೇಜಿನ ಮೇಲೆ ಹರಡಿದೆವು. ಮೊದಲ ವಾರ ಬರಿಯ ಗಲಾಟೆ. ಎರಡನೆಯ ವಾರಕ್ಕೆ ಒಬ್ಬಳು ಹುಡುಗಿ ಹಕ್ಕಿಗಳ ಪುಸ್ತಕವೊಂದನ್ನು ಹಿಡಿದು ಮೂಲೆ ಸೇರಿದಳು. ತರಗತಿಯಲ್ಲಿ ಪ್ರಶ್ನೆ ಕೇಳಿದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದ ಹುಡುಗಿ ಅವಳು. ತಿಂಗಳೊಪ್ಪತ್ತಿನಲ್ಲಿ, “ಸಾರ್, ಇದರಲ್ಲಿ ಬರೆದಿರೋದು ತಪ್ಪು, ನಮ್ಮ ಕೆರೆಗೆ ಈ ಹಕ್ಕಿ ಬೇಸಿಗೇಲೂ ಬರುತ್ತೆ” ಎಂದಳು. ಪುಸ್ತಕ ತಪ್ಪೋ ಅವಳು ತಪ್ಪೋ ನಾನು ತೀರ್ಪು ಹೇಳಲಾರೆ. ಆದರೆ ಮುದ್ರಿತ ಅಕ್ಷರದೊಂದಿಗೆ ವಾದಕ್ಕೆ ಇಳಿಯುವ ಧೈರ್ಯವನ್ನು ಆ ಮಗುವಿಗೆ ನಮ್ಮ ಯಾವ ಪಾಠವೂ ಕೊಟ್ಟಿರಲಿಲ್ಲ. ಕೊಟ್ಟದ್ದು ಯಾರೂ ಅಂಕ ಹಾಕದ ಒಂದೂವರೆ ತಾಸು.

ಆ ಮಳೆಗಾಲ ಇನ್ನೊಂದು ಸಂಗತಿಯನ್ನೂ ಕಲಿಸಿತು. ಸಂಜೆ ಐದರ ಹೊತ್ತಿಗೆ ಮಕ್ಕಳಿಗೆ ಹಸಿವಾಗುತ್ತದೆ. ಮಧ್ಯಾಹ್ನದ ಬಿಸಿಯೂಟ ಅಷ್ಟು ಹೊತ್ತಿಗೆ ಕರಗಿಹೋಗಿರುತ್ತದೆ. ಒಂದು ಹಿಡಿ ಕಡಲೆಕಾಯಿಯೋ ಪುರಿಯೋ ಇದ್ದ ದಿನ ಓದು ನಡೆಯುತ್ತಿತ್ತು, ಇಲ್ಲದ ದಿನ ಜಗಳ ನಡೆಯುತ್ತಿತ್ತು. ಶಾಲೆಯ ನಂತರದ ಕಾರ್ಯಕ್ರಮಗಳ ಬಗ್ಗೆ ದೊಡ್ಡ ದೊಡ್ಡ ಯೋಜನೆ ಬರೆಯುವವರು ಈ ಪುರಿಯ ಮಾತನ್ನು ಮರೆತೇಬಿಡುತ್ತಾರೆ.

ಮನೆಪಾಠದ ವಿಷಯಕ್ಕೆ ಬರುತ್ತೇನೆ. ಕೂಡುವುದು ಕಳೆಯುವುದರಲ್ಲೇ ಹಿಂದುಳಿದ ಮಗುವಿಗೆ ಯಾರಾದರೂ ಪಕ್ಕದಲ್ಲಿ ಕುಳಿತು ಹೇಳಿಕೊಟ್ಟರೆ ಅದು ಪುಣ್ಯದ ಕೆಲಸ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಹುಪಾಲು ನಡೆಯುತ್ತಿರುವುದು ಅದಲ್ಲ. ಬೆಳಗ್ಗೆ ಕೇಳಿದ ಪಾಠವನ್ನೇ, ನಲವತ್ತು ಮಕ್ಕಳ ಗುಂಪಿನಲ್ಲಿ, ಸಂಜೆ ಇನ್ನೊಮ್ಮೆ ಕೇಳಿ ಉತ್ತರಗಳನ್ನು ಉರು ಹೊಡೆಯುವುದು. ಶಿಕ್ಷಣ ಹಕ್ಕು ಕಾಯಿದೆಯ 28ನೆಯ ಪ್ರಕರಣವು ಶಾಲಾ ಶಿಕ್ಷಕರು ಖಾಸಗಿ ಮನೆಪಾಠ ಮಾಡಕೂಡದೆಂದು ಸ್ಪಷ್ಟವಾಗಿ ಹೇಳಿದೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯು ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳಿಗೆ ಸೇರಿಸಿಕೊಳ್ಳಬಾರದೆಂದಿತು. ಕಾಗದದ ಮೇಲೆ ಇಷ್ಟೆಲ್ಲ ಇದ್ದರೂ ತಂದೆತಾಯಿಗಳನ್ನು ದೂರಲು ನನಗೆ ಮನಸ್ಸಿಲ್ಲ. ಅವರು ಕೊಂಡುಕೊಳ್ಳುತ್ತಿರುವುದು ಬರಿಯ ಪಾಠವನ್ನಲ್ಲ. ತಾವು ಗಾರ್ಮೆಂಟ್ಸಿನಿಂದಲೋ ಹೊಲದಿಂದಲೋ ಹಿಂತಿರುಗುವವರೆಗೆ ಮಗುವಿನ ಮೇಲೆ ಒಬ್ಬ ದೊಡ್ಡವರ ಕಣ್ಣಿರಲಿ ಎಂಬ ನೆಮ್ಮದಿಯನ್ನು ಕೊಂಡುಕೊಳ್ಳುತ್ತಿದ್ದಾರೆ. ಆ ನೆಮ್ಮದಿಯನ್ನು ಊರು ಒಟ್ಟಾಗಿ ಕೊಡದಿದ್ದಾಗ ಪ್ರತಿಯೊಬ್ಬರೂ ತಮ್ಮ ತಮ್ಮ ಜೇಬಿನಿಂದ ತೆರಬೇಕಾಗುತ್ತದೆ. ಜೇಬು ಖಾಲಿಯಿದ್ದವರ ಮಕ್ಕಳು ಕಟ್ಟೆಯ ಮೇಲೆ ಉಳಿಯುತ್ತಾರೆ.

ಮಕ್ಕಳಿಗೆ ಶಾಲೆಯ ಹೊರಗೆ ಒಂದು ತಾಣ ಬೇಕೆಂಬುದು ಕನ್ನಡನಾಡಿಗೆ ಹೊಸ ವಿಚಾರವೇನಲ್ಲ. ಆರ್. ಕಲ್ಯಾಣಮ್ಮನವರು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮಕ್ಕಳ ಕೂಟವನ್ನು ಆರಂಭಿಸಿದ್ದು 1938ರಲ್ಲಿ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳೊಡನೆ ನಡೆಸಿದ ಪ್ರಯೋಗಗಳನ್ನು ನಮ್ಮ ತಲೆಮಾರಿನ ಅಧ್ಯಾಪಕರೆಲ್ಲ ಕೇಳಿ ಬೆಳೆದವರು. ಕಬ್ಬನ್ ಉದ್ಯಾನದ ಬಾಲಭವನವೂ ಇದೆ, ಬೇಸಿಗೆಗೆ ಮೈಸೂರಿನ ರಂಗಾಯಣದ ಚಿಣ್ಣರ ಮೇಳವೂ ಇದೆ. ಎಲ್ಲವೂ ಒಳ್ಳೆಯವು. ಆದರೆ ಹಳ್ಳಿಯ ಮಗುವಿಗೆ ಅವು ಪ್ರವಾಸದ ತಾಣಗಳು. ಸಂಜೆ ನಾಲ್ಕೂಕಾಲಕ್ಕೆ ನಡೆದು ಹೋಗಿ ಸೇರುವಂಥವಲ್ಲ.

ನಡೆದು ಹೋಗಬಹುದಾದದ್ದು ಒಂದಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ. ರಾಜ್ಯದಲ್ಲಿ ಇಂಥವು 5,500ಕ್ಕೂ ಹೆಚ್ಚಿವೆ. 2019ರಲ್ಲಿ ಇವನ್ನು ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. 2020ರ ನವೆಂಬರಿನಲ್ಲಿ, ಕೊರೋನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಸಿಕ್ಕಿತು. ಈಗ ಅವಕ್ಕೆ ‘ಅರಿವು ಕೇಂದ್ರ’ ಎಂಬ ಹೆಸರು. ಗೋಡೆಗೆ ಚಿತ್ರ ಬಂದಿದೆ, ಅನೇಕ ಕಡೆ ಗಣಕಯಂತ್ರ ಬಂದಿದೆ, ಚದುರಂಗದ ಮಣೆಯೂ ಬಂದಿದೆ. ಸರಕಾರದ ಕೆಲಸವನ್ನು ಹೊಗಳುವ ಅಭ್ಯಾಸ ನನಗೆ ಅಷ್ಟಾಗಿ ಇಲ್ಲ. ಆದರೆ ಇದು ನಿಜಕ್ಕೂ ಹೊಗಳತಕ್ಕ ಕೆಲಸ. ಜೊತೆಗೆ ಇನ್ನೊಂದು ಮಾತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ತೆರುವ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ ಸೇರಿರುತ್ತದೆ. ಆದುದರಿಂದ ಗ್ರಂಥಾಲಯದ ಬಾಗಿಲು ತೆರೆಯಿರೆಂದು ಕೇಳುವುದು ಭಿಕ್ಷೆ ಬೇಡಿದಂತಲ್ಲ.

ಬಾಗಿಲಿನ ಪ್ರಸ್ತಾಪವೇಕೆಂದರೆ, ನಾನು ಬಲ್ಲ ಒಂದು ಗ್ರಂಥಾಲಯ ತೆರೆದಿರುವುದು ಮಕ್ಕಳು ತರಗತಿಯಲ್ಲಿರುವ ಹೊತ್ತಿಗೆ ಸರಿಯಾಗಿ! ಬೆಳಗ್ಗೆ ಹತ್ತಕ್ಕೆ ತೆರೆದು ಐದಕ್ಕೆ ಬೀಗ. ಶಾಲೆ ಬಿಟ್ಟು, ಮನೆಗೆ ಹೋಗಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಮೇಲ್ವಿಚಾರಕರು ಸೈಕಲ್ ಹತ್ತಿರುತ್ತಾರೆ. ಅವರನ್ನು ಬೈಯುವುದು ಸುಲಭ. ನಾನು ಬೈಯಲಾರೆ; ಅವರ ಗೌರವಧನವನ್ನೂ ಅವರಿಗೆ ವಹಿಸಿದ ಇತರ ಕೆಲಸಗಳನ್ನೂ ನೋಡಿದವರಿಗೆ ಬೈಗುಳ ಬಾಯಿಗೆ ಬಾರದು. ವೇಳಾಪಟ್ಟಿ ಬರೆದವರು ಓದುಗರೆಂದರೆ ಪತ್ರಿಕೆ ಓದುವ ಹಿರಿಯರೆಂದು ಭಾವಿಸಿದ್ದಾರೆ, ಅಷ್ಟೆ. ಮಧ್ಯಾಹ್ನ ಎರಡು ತಾಸು ಮುಚ್ಚಿ ಸಂಜೆ ಏಳರವರೆಗೆ ತೆರೆದರೆ ದುಡಿಮೆಯ ಅವಧಿ ಹೆಚ್ಚುವುದಿಲ್ಲ, ಖರ್ಚೂ ಹೆಚ್ಚುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ, ಅದು ನ್ಯಾಯವಾದ ಆಕ್ಷೇಪಣೆ. ಏಳರವರೆಗೆ ತೆರೆದರೆ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ನವೆಂಬರಿನಲ್ಲಿ ಆರಕ್ಕೇ ಮಬ್ಬು ಕವಿಯುತ್ತದೆ. ಗ್ರಂಥಾಲಯದಿಂದ ಕೇರಿಯವರೆಗಿನ ದಾರಿಯಲ್ಲಿ ದೀಪ ಉರಿಯದಿದ್ದರೆ, ಗ್ರಂಥಾಲಯದಲ್ಲಿ ಶೌಚಾಲಯವಿಲ್ಲದಿದ್ದರೆ, ಅಲ್ಲಿ ಎಷ್ಟು ಸಾವಿರ ಪುಸ್ತಕಗಳಿದ್ದರೇನು, ಅದು ಗಂಡುಹುಡುಗರ ಗ್ರಂಥಾಲಯವಾಗಿಯೇ ಉಳಿಯುತ್ತದೆ. ತಂಗಿಯನ್ನು ಎತ್ತಿಕೊಂಡು ಬರುವ ಹುಡುಗಿಗೆ ‘ಮಗುವನ್ನು ಒಳಗೆ ತರಬೇಡ’ ಎಂದರೂ ಅದೇ ಫಲ. ತಂಗಿಯೂ ಬರಲಿ, ಒಂದು ಚಾಪೆ ಹಾಸಿ, ನಾಲ್ಕು ಚಿತ್ರಪುಸ್ತಕ ಕೊಡಿ.

ಗ್ರಂಥಾಲಯವೇ ಇಲ್ಲದ ಅಥವಾ ದೂರವಿರುವ ಊರಿನಲ್ಲಿ ಶಾಲೆಯ ಒಂದು ಕೊಠಡಿ ಸಾಕು. ಶಾಲೆಯ ಅಂಗಳವಂತೂ ಊರಿನಲ್ಲಿ ಮಕ್ಕಳಿಗಿರುವ ಏಕೈಕ ಸಮತಟ್ಟಾದ ನೆಲ. ಅದಕ್ಕೇ ನಾಲ್ಕೂವರೆಗೆ ಬೀಗ ಹಾಕುತ್ತೇವೆ. ‘ಕಿಡಿಗೇಡಿಗಳು ಬರುತ್ತಾರೆ’ ಎಂಬುದು ಮುಖ್ಯೋಪಾಧ್ಯಾಯರ ಭಯ. ನಾನು ನೋಡಿದ ಮಟ್ಟಿಗೆ ಕಿಡಿಗೇಡಿಗಳು ಬರುವುದು ಖಾಲಿ ಅಂಗಳಕ್ಕೆ, ಕೊಕ್ಕೋ ಆಡುವ ಮಕ್ಕಳು ತುಂಬಿದ ಅಂಗಳಕ್ಕಲ್ಲ. ಪುಸ್ತಕಗಳಿಗೂ ಬರಗಾಲವಿಲ್ಲ. ನ್ಯಾಷನಲ್ ಬುಕ್ ಟ್ರಸ್ಟಿನ ಮಕ್ಕಳ ಪುಸ್ತಕಗಳು ಇಂದಿಗೂ ಅಗ್ಗ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಕಥೆಪುಸ್ತಕಗಳನ್ನು ಉಚಿತವಾಗಿ ಓದಬಹುದು, ಮುದ್ರಿಸಿಕೊಳ್ಳಲೂಬಹುದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ದ ಹಳೆಯ ಸಂಚಿಕೆಗಳು ಎಷ್ಟೋ ಶಾಲೆಗಳ ಬೀರುಗಳಲ್ಲಿ ಬಿದ್ದಿವೆ, ಹಳೆಯವಾದರೂ ಅವುಗಳಲ್ಲಿನ ಸರಳ ಪ್ರಯೋಗಗಳು ಹಳತಾಗುವಂಥವಲ್ಲ. 1993ರಲ್ಲಿ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶದ ಪದ್ಧತಿಯನ್ನು, ಎಂದರೆ ಮಕ್ಕಳು ಜೊತೆ ಸೇರಿ ತಮ್ಮೂರಿನದೇ ಒಂದು ಸಮಸ್ಯೆಯನ್ನು ಅಳೆದು ನೋಡಿ ವರದಿ ಬರೆಯುವ ಪದ್ಧತಿಯನ್ನು, ಯಾವ ಸಮಾವೇಶವಿಲ್ಲದೆಯೂ ಅನುಸರಿಸಬಹುದು. ಊರ ಕೊಳವೆ ಬಾವಿಗಳನ್ನು ಎಣಿಸಲು ಯಾರ ಅಪ್ಪಣೆ ಬೇಕು?

ಇದನ್ನೆಲ್ಲ ಕೇಳಬೇಕಾದ ಸಮಯ ಈಗಲೇ. ಮಕ್ಕಳ ಗ್ರಾಮಸಭೆಗಳು ನಮ್ಮ ರಾಜ್ಯದಲ್ಲಿ ಹತ್ತೊಂಬತ್ತು-ಇಪ್ಪತ್ತು ವರ್ಷಗಳಿಂದ ನಡೆಯುತ್ತ ಬಂದಿವೆ. ಅಲ್ಲಿ ಮಕ್ಕಳು ಎದ್ದು ನಿಂತು ಮಾತನಾಡುವುದನ್ನು ಕೇಳುವುದೇ ಒಂದು ಸಂತೋಷ. ಆದರೆ ಅವು ಸಾಮಾನ್ಯವಾಗಿ ನಡೆಯುವುದು ನವೆಂಬರಿನ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ. ಆಗ ಕೇಳಿದ್ದಕ್ಕೆ ಉತ್ತರ ಬರುವಷ್ಟರಲ್ಲಿ ಪರೀಕ್ಷೆಯ ವೇಳಾಪಟ್ಟಿ ಬಂದಿರುತ್ತದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದರೋ ವರ್ಷವಿಡೀ ಇರುವಂಥದು, ಅದರಲ್ಲಿ ತಂದೆತಾಯಿಗಳೇ ಹೆಚ್ಚು. ಜೂನಿನ ಮೊದಲ ಸಭೆಯಲ್ಲಿ ಸಮವಸ್ತ್ರ, ಸುಣ್ಣಬಣ್ಣಗಳ ಚರ್ಚೆಯಾದ ಮೇಲೆ ಯಾರಾದರೊಬ್ಬರು ಈ ಎರಡು ತಾಸಿನ ಮಾತೆತ್ತಬೇಕು. ಮೇಲ್ವಿಚಾರಣೆಗೆ ಜನ ಎಲ್ಲಿದ್ದಾರೆ ಎಂದು ಅಧ್ಯಕ್ಷರು ಕೇಳುವುದು ನಿಶ್ಚಯ. ಪ್ರತಿ ಊರಿನಲ್ಲೂ ನನ್ನಂಥ ನಿವೃತ್ತರು ಸಂಜೆ ಜಗಲಿಯ ಮೇಲೆ ಕುಳಿತು ರಾಜಕೀಯ ಮಾತನಾಡುತ್ತಿರುತ್ತಾರೆ. ವಾರಕ್ಕೊಂದು ದಿನ ಅದೇ ರಾಜಕೀಯವನ್ನು ಗ್ರಂಥಾಲಯದ ಜಗಲಿಯಲ್ಲಿ ಆಡಿದರಾಯಿತು. ಆದರೆ ಬಿಟ್ಟಿ ಸೇವೆಯನ್ನೇ ನೆಚ್ಚಿ ವ್ಯವಸ್ಥೆ ಕಟ್ಟಬಾರದು. ಮುದುಕರಿಗೆ ಜ್ವರ ಬರುತ್ತದೆ, ಮಗನ ಊರಿಗೆ ಹೋಗುತ್ತಾರೆ. ಬೀಗದ ಕೈ ಸಂಬಳವಿರುವವರ ಬಳಿಯೇ ಇರಬೇಕು, ಆ ಸಂಬಳ ಗೌರವದಿಂದ ಬದುಕುವಷ್ಟಿರಬೇಕು.

ನಮ್ಮ ಪಂಚಾಯಿತಿಗೆ ನಾವು ಐವರು ನಿವೃತ್ತರು ಸೇರಿ ಅರ್ಜಿಯೊಂದನ್ನು ಬರೆದಿದ್ದೇವೆ. ಗ್ರಂಥಾಲಯದ ವೇಳೆ ಸಂಜೆ ಏಳರವರೆಗೆ ಆಗಬೇಕು. ಅಲ್ಲಿಂದ ಕೆಳಗಿನ ಕೇರಿಯವರೆಗೆ ಕೆಟ್ಟಿರುವ ಮೂರು ಬೀದಿದೀಪಗಳು ದುರಸ್ತಿಯಾಗಬೇಕು. ಶೌಚಾಲಯಕ್ಕೆ ನೀರಿನ ಸಂಪರ್ಕ ಬೇಕು. ಪುರಿಯ ಖರ್ಚನ್ನು ಕೇಳಿಲ್ಲ, ಅದು ನಮ್ಮದು. ಅರ್ಜಿಗೆ ಸಹಿ ಹಾಕಿದವರಲ್ಲಿ ಮನೆಪಾಠ ನಡೆಸುವ ಒಬ್ಬ ಯುವಕನೂ ಇದ್ದಾನೆ. “ನನ್ನ ಹತ್ತಿರ ಬರುವ ಅರ್ಧ ಮಕ್ಕಳಿಗೆ ಬೇಕಾಗಿರೋದು ಅದೇ ಸಾರ್” ಎಂದ. ಮುಂದಿನ ಗ್ರಾಮಸಭೆಯ ದಿನಾಂಕ ಇನ್ನೂ ಗೊತ್ತಾಗಿಲ್ಲ.