ಕಾವಲುಗಾರ ದಣಿಯುವ ಮುನ್ನ

ಎರಡು ವರ್ಷದ ಹಿಂದಿನ ಮಾತು. ಗೋವಿನಜೋಳ ತೆನೆ ಕಟ್ಟುವ ಹೊತ್ತಿಗೆ ನಮ್ಮ ಕಾಕಾ ಅವರ ಕಣ್ಣು ಹಳದಿಯಾದವು. ಹೊಟ್ಟೆನೋವಿಲ್ಲ, ಜ್ವರವಿಲ್ಲ. ಮೈತುಂಬ ತುರಿಕೆ ಮಾತ್ರ. ‘ಕಾಮಣಿ ಆಗೇತಿ ತಗೋ, ನಾಟಿ ಔಷಧ ಕುಡಿದ್ರ ಇಳೀತೈತಿ’ ಅಂದರು ಓಣಿಯ ಹಿರಿಯರು. ಸೊಪ್ಪಿನ ರಸ ಬಂತು. ಅದಕ್ಕೂ ಇಳಿಯದಿದ್ದಾಗ ಮುಂಗೈಗೆ ಬರೆ ಹಾಕಿಸಿದ್ದಾಯಿತು. ಖಾರ, ಎಣ್ಣೆ ಬಿಡಿಸಿ ಬರೀ ಮಜ್ಜಿಗೆ ಅನ್ನ ಹಾಕಿದ್ದಾಯಿತು. ಹೀಗೇ ಮೂರು ತಿಂಗಳು ಹೋದವು. ಅಂಗಿ ಜೋತು ಬೀಳುವಷ್ಟು ಸೊರಗಿದ ಮೇಲೆ ಹುಬ್ಬಳ್ಳಿಗೆ ಕರೆದೊಯ್ದೆವು. ಸ್ಕ್ಯಾನ್ ನೋಡಿದ ವೈದ್ಯರು, ‘ಇದು ಪಿತ್ತನಾಳದ ಕ್ಯಾನ್ಸರ್. ಆಪರೇಷನ್ ಮಾಡುವ ಹಂತ ದಾಟಿದೆ’ ಎಂದರು. ಮುಂದಿನ ಮುಂಗಾರು ನೋಡಲು ಕಾಕಾ ಇರಲಿಲ್ಲ.

ಕಲಘಟಗಿ ತಾಲ್ಲೂಕಿನ ನಮ್ಮ ದೇವಿಕೊಪ್ಪ ಕಾಡಿನ ಅಂಚಿನ ಊರು. ತೆನೆಯಲ್ಲಿ ಹಾಲು ತುಂಬಿದ ಮೇಲೆ ರಾತ್ರಿ ಹಂದಿ ಕಾಯದಿದ್ದರೆ ಬೆಳೆ ನಮ್ಮದಲ್ಲ. ಕಾಕಾ ಎಷ್ಟೋ ವರ್ಷ ಅಟ್ಟಣಿಗೆಯ ಮೇಲೆ ಕೂತು ಹೊಲ ಕಾದವರು. ಧಾರವಾಡದಲ್ಲಿ ಜೀವವಿಜ್ಞಾನ ಓದುತ್ತಿರುವ ನನಗೆ ಈಗ ಪಾಠ ಕೇಳುವಾಗಲೆಲ್ಲ ಆ ಅಟ್ಟಣಿಗೆ ನೆನಪಾಗುತ್ತದೆ. ಯಾಕೆಂದರೆ ಯಕೃತ್ತು ಮತ್ತು ಪಿತ್ತನಾಳದ ಕ್ಯಾನ್ಸರಿನಲ್ಲಿ ರೋಗಿ ಎಷ್ಟು ದಿನ ಬದುಕುತ್ತಾರೆ ಎಂಬುದನ್ನು ಗಡ್ಡೆಯೊಂದೇ ನಿರ್ಧರಿಸುವುದಿಲ್ಲ. ಗಡ್ಡೆಯ ಒಳಗೆ ಯಾವ ಕಾವಲುಗಾರರು ಇದ್ದಾರೆ, ಅವರು ಎಚ್ಚರ ಇದ್ದಾರೋ ದಣಿದು ಮಲಗಿದ್ದಾರೋ ಎಂಬುದೂ ನಿರ್ಧರಿಸುತ್ತದೆ.

ಕಾವಲುಗಾರರು ಎಂದರೆ ರೋಗನಿರೋಧಕ ಕೋಶಗಳು. ಇವುಗಳಲ್ಲಿ ಎಲ್ಲವೂ ಒಂದೇ ಕೆಲಸ ಮಾಡುವುದಿಲ್ಲ. ‘ಸಿಡಿ8’ ಎಂಬ ಗುರುತಿನ ಟಿ ಕೋಶಗಳು ಕ್ಯಾನ್ಸರ್ ಕೋಶವನ್ನು ಪತ್ತೆಹಚ್ಚಿ ನೇರವಾಗಿ ಕೊಲ್ಲುತ್ತವೆ. ‘ನಿಯಂತ್ರಕ ಟಿ ಕೋಶ’ಗಳು ಇದಕ್ಕೆ ವಿರುದ್ಧ. ಅವು ಕಾವಲುಗಾರರನ್ನು ಸುಮ್ಮನಿರಿಸುತ್ತವೆ. ನಮ್ಮ ದೇಹದ ಮೇಲೆ ನಮ್ಮದೇ ಸೈನಿಕರು ಬೀಳದಂತೆ ತಡೆಯಲು ಅವು ಬೇಕೇ ಬೇಕು. ಇವುಗಳ ಕುರಿತ ಸಂಶೋಧನೆಗಾಗಿಯೇ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ 2025ರ ನೊಬೆಲ್ ಸಿಕ್ಕಿತು. ಆದರೆ ಗಡ್ಡೆಯೊಳಗೆ ಇವು ಹೆಚ್ಚಾದರೆ ಲಾಭ ಕ್ಯಾನ್ಸರಿಗೆ.

ಇದು ಬರೀ ಊಹೆಯಲ್ಲ. ಶಾಂಘೈನ ವೈದ್ಯರು ಯಕೃತ್ತಿನ ಗಡ್ಡೆ ತೆಗೆಸಿಕೊಂಡಿದ್ದ 302 ರೋಗಿಗಳ ಅಂಗಾಂಶ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಗಡ್ಡೆಯಲ್ಲಿ ಕೊಲ್ಲುವ ಕೋಶಗಳು ಹೆಚ್ಚಿದ್ದು ನಿಯಂತ್ರಕ ಕೋಶಗಳು ಕಡಿಮೆ ಇದ್ದವರಲ್ಲಿ ನೂರಕ್ಕೆ 64 ಮಂದಿ ಐದು ವರ್ಷ ಬದುಕಿದ್ದರು. ಲೆಕ್ಕ ಇದಕ್ಕೆ ತಿರುಗುಮುರುಗಾಗಿದ್ದವರಲ್ಲಿ ಬದುಕಿದ್ದವರು ನೂರಕ್ಕೆ 24 ಮಾತ್ರ. ಆಪರೇಷನ್ ಎಲ್ಲರಿಗೂ ಆಗಿತ್ತು, ಒಳಗಿನ ಕಾವಲು ಮಾತ್ರ ಬೇರೆ ಬೇರೆ ಇತ್ತು.

ಯಕೃತ್ತಿನ ಸ್ವಭಾವವೇ ವಿಚಿತ್ರ. ಅದಕ್ಕೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನಿಂದ ಬರುತ್ತದೆ. ಅದರ ಜೊತೆ ಆಹಾರದ ಕಣ, ಬ್ಯಾಕ್ಟೀರಿಯಾದ ತುಣುಕು ಎಲ್ಲವೂ ದಿನವಿಡೀ ಬರುತ್ತಿರುತ್ತವೆ. ಬಂದದ್ದಕ್ಕೆಲ್ಲ ಜಗಳ ತೆಗೆದರೆ ಯಕೃತ್ತು ಉಳಿಯುವುದಿಲ್ಲ. ಹಾಗಾಗಿ ಅದು ಸಹಿಸಿಕೊಳ್ಳುವುದನ್ನು ಕಲಿತಿದೆ. ಆ ಸಹನೆಯನ್ನೇ ಕ್ಯಾನ್ಸರ್ ದುರುಪಯೋಗ ಮಾಡಿಕೊಳ್ಳುತ್ತದೆ. ಪಿತ್ತನಾಳದ ಕ್ಯಾನ್ಸರಿನದು ಇನ್ನೊಂದು ಉಪಾಯ. ತನ್ನ ಸುತ್ತ ಗಟ್ಟಿ ನಾರಿನ ಬೇಲಿ ಕಟ್ಟಿಕೊಳ್ಳುತ್ತದೆ. ಕೊಲ್ಲುವ ಕೋಶಗಳು ಎಷ್ಟೋ ಸಲ ಬೇಲಿಯ ಹೊರಗೇ ನಿಂತುಬಿಡುತ್ತವೆ. ಒಳಹೊಕ್ಕವೂ ತಿಂಗಳುಗಟ್ಟಲೆ ಹೋರಾಡಿ ದಣಿಯುತ್ತವೆ. ಈ ಸ್ಥಿತಿಯನ್ನು ವಿಜ್ಞಾನಿಗಳೂ ‘ದಣಿವು’ ಎಂದೇ ಕರೆಯುತ್ತಾರೆ. ಸತತವಾಗಿ ನಿದ್ದೆಗೆಟ್ಟ ಕಾವಲುಗಾರನ ಕಣ್ಣೆದುರೇ ಹಂದಿ ಹೊಲಕ್ಕೆ ನುಗ್ಗಿದ ಹಾಗೆ.

ದಣಿದವರನ್ನು ಎಬ್ಬಿಸುವ ಔಷಧಗಳು ಈಗ ಬಂದಿವೆ. ಟಿ ಕೋಶಗಳಿಗೆ ಬ್ರೇಕ್ ಇರುತ್ತದೆ, ಅದನ್ನು ಸಡಿಲಿಸಿದರೆ ಅವು ಮತ್ತೆ ಹೋರಾಡಬಲ್ಲವು ಎಂದು ತೋರಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ 2018ರಲ್ಲಿ ನೊಬೆಲ್ ಪಡೆದರು. ಮುಂದುವರಿದ ಹಂತದ ಯಕೃತ್ತಿನ ಕ್ಯಾನ್ಸರಿಗೆ ಅಟೆಜೊಲಿಜುಮ್ಯಾಬ್ ಮತ್ತು ಬೆವಾಸಿಜುಮ್ಯಾಬ್ ಒಟ್ಟಿಗೆ ಕೊಟ್ಟಾಗ ನೂರಕ್ಕೆ 67 ಮಂದಿ ಒಂದು ವರ್ಷ ಬದುಕಿದರು, ಹಳೆಯ ಮಾತ್ರೆಯಲ್ಲಿ ಇದು 55 ಇತ್ತು ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಪಿತ್ತನಾಳದ ಕ್ಯಾನ್ಸರಿಗೆ ಕಿಮೊಥೆರಪಿಯ ಜೊತೆ ಡರ್ವಾಲುಮ್ಯಾಬ್ ಕೊಟ್ಟ ಅಧ್ಯಯನ 2022ರಲ್ಲಿ ಬಂತು. ಎರಡು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 10ರಿಂದ 25ಕ್ಕೆ ಏರಿತು. ಪವಾಡವೇನಲ್ಲ. ಉಳಿದ ಮುಕ್ಕಾಲು ಪಾಲು ಜನರಿಗೆ ಆ ಎರಡು ವರ್ಷ ಸಿಗಲಿಲ್ಲ. ಆದರೂ ಮಗಳ ಮದುವೆ ನೋಡಬೇಕೆಂದು ಕಾದಿರುವ ತಂದೆಗೆ ಎರಡು ವರ್ಷ ಸಣ್ಣದಲ್ಲ.

‘ಇದೆಲ್ಲ ಮುಂಬೈ, ಬೆಂಗಳೂರಿನವರ ಮಾತಾತು. ನಮಗ ಏನ ಸಂಬಂಧ?’ ಎಂದು ನನ್ನ ಗೆಳೆಯನೇ ಕೇಳಿದ. ಸಂಬಂಧವಿದೆ ಎಂದು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, ಸಮಯ. ಈ ಕೋಶಗಳ ವಿಜ್ಞಾನ ಹೇಳುವುದೂ ನಮ್ಮ ಹೊಲದ ಅನುಭವ ಹೇಳುವುದೂ ಒಂದೇ: ತಡಮಾಡಿದಷ್ಟೂ ಕಾವಲು ಸೋಲುತ್ತದೆ. ಕಾಮಣಿ ಎಂಬುದು ರೋಗವಲ್ಲ, ಲಕ್ಷಣ. ವೈರಸ್ಸಿನಿಂದ ಬಂದ ಕಾಮಣಿ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಸೊಪ್ಪಿನ ರಸಕ್ಕೆ ಬರುತ್ತದೆ. ಆದರೆ ನೋವಿಲ್ಲದ ಹಳದಿ, ಮೈತುಂಬ ತುರಿಕೆ, ಬೂದು-ಬಿಳಿ ಬಣ್ಣದ ಮಲ, ಕಡುಬಣ್ಣದ ಮೂತ್ರ, ಇಳಿಯುತ್ತಿರುವ ತೂಕ ಇವು ಕಂಡರೆ ಪಿತ್ತನಾಳ ಕಟ್ಟಿಕೊಂಡಿರಬಹುದು. ಅಂಥವರಿಗೆ ಆ ವಾರವೇ ರಕ್ತಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್ ಆಗಬೇಕು. ತಾಲ್ಲೂಕು ಆಸ್ಪತ್ರೆಯಲ್ಲೇ ಇದು ತಪ್ಪದೆ ಸಿಗುವಂತೆ ಮಾಡಿ, ಹಳದಿ ಕಣ್ಣು ಕಂಡೊಡನೆ ಕಳಿಸಲು ಆಶಾ ಕಾರ್ಯಕರ್ತೆಯರಿಗೆ ತರಬೇತಿ ಕೊಡಲಿ. ಬರೆ ಹಾಕುವವರನ್ನು ಬೈಯುವುದರಿಂದ ಏನೂ ಆಗದು. ಅವರ ಬಾಗಿಲಿಗಿಂತ ಆಸ್ಪತ್ರೆಯ ಬಾಗಿಲು ಹತ್ತಿರವಾಗಬೇಕು.

ಎರಡನೆಯದು, ‘ಇಮ್ಯುನಿಟಿ’ ಎಂಬ ವ್ಯಾಪಾರ. ಕೋವಿಡ್ ನಂತರ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ, ಕಷಾಯ ಸಂತೆಯಲ್ಲೂ ಸಿಗುತ್ತವೆ. ಕಾಕಾ ಅವರಿಗೂ ನಾವು ಕುಡಿಸಿದೆವು. ಆದರೆ ಗಡ್ಡೆಯೊಳಗೆ ಕೊರತೆ ಇರುವುದು ಕೋಶಗಳ ರಾಶಿಗಲ್ಲ, ಸರಿಯಾದ ಕೋಶಗಳಿಗೆ. ರಾಶಿಯಲ್ಲಿ ಶತ್ರುವಿನ ಪಕ್ಷ ವಹಿಸಿದವೂ ಇರುತ್ತವೆ. ಯಾವ ಪುಡಿಗೂ ಅವುಗಳನ್ನು ಆರಿಸಿ ತೆಗೆಯಲು ಬರುವುದಿಲ್ಲ. ಅಮೃತಬಳ್ಳಿ ಸೇವಿಸಿದ ಆರು ಜನರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಯಕೃತ್ತೇ ಕೆಟ್ಟಿರುವಾಗ ವೈದ್ಯರನ್ನು ಕೇಳದೆ ಏನನ್ನೂ ಕುಡಿಸಬಾರದು ಎಂಬುದು ನಾನು ಕಲಿತ ಪಾಠ.

ಮೂರನೆಯದು, ಬೆಲೆ ಮತ್ತು ಸಂಶೋಧನೆ. ಕೇಂದ್ರ ಸರ್ಕಾರ 2024ರ ಜುಲೈ ಬಜೆಟ್ಟಿನಲ್ಲಿ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕ ತೆಗೆಯಿತು. ಡರ್ವಾಲುಮ್ಯಾಬ್ ಅದರಲ್ಲೊಂದು. ಒಳ್ಳೆಯದೇ. ಆದರೂ ಎರಡೆಕರೆ ಹೊಲದವರಿಗೆ ಅದು ಇನ್ನೂ ಎಟುಕದ ಮಾತು. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆ ಬೇರೊಂದು ದಾರಿ ತೋರಿಸಿದೆ. ಬಾಯಿ-ಗಂಟಲು ಭಾಗದ ಕ್ಯಾನ್ಸರಿಗೆ ಇಂಥದೇ ಔಷಧವಾದ ನಿವೊಲುಮ್ಯಾಬನ್ನು ವಾಡಿಕೆಯ ಪ್ರಮಾಣದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಕೊಟ್ಟು ಪರೀಕ್ಷಿಸಿತು. ಒಂದು ವರ್ಷ ಬದುಕಿದವರು ನೂರಕ್ಕೆ 16ರಿಂದ 43ಕ್ಕೆ ಏರಿದರು ಎಂದು 2022ರಲ್ಲಿ ಪ್ರಕಟಿಸಿತು. ಅದೇ ಫಲ ಯಕೃತ್ತಿನಲ್ಲೂ ಸಿಗುತ್ತದೆ ಎಂದು ಹೇಳಲು ಬಾರದು, ಪರೀಕ್ಷಿಸಿಯೇ ನೋಡಬೇಕು. ನೋಡುವವರು ನಮ್ಮವರೇ ಆಗಬೇಕು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ತೆಳು ಚೂರಿಗೆ ಬಣ್ಣ ಹಾಕಿ ಸಿಡಿ8 ಕೋಶ ಎಣಿಸುವುದು ದೊಡ್ಡ ರೋಗಶಾಸ್ತ್ರ ಪ್ರಯೋಗಾಲಯಗಳಿಗೆ ಹೊಸ ವಿದ್ಯೆಯಲ್ಲ. ಉತ್ತರ ಕರ್ನಾಟಕದ ವೈದ್ಯಕೀಯ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ಕೂಡಿ ನಮ್ಮ ರೋಗಿಗಳ ಲೆಕ್ಕ ಇಡಲಿ. ಎಣಿಸುವ ಕೆಲಸಕ್ಕೆ ನನ್ನಂಥ ವಿದ್ಯಾರ್ಥಿಗಳು ಸಿದ್ಧ.

ಕೊನೆಯದಾಗಿ, ರೋಗ ಬರುವ ಮೊದಲೇ ಕಾವಲುಗಾರನಿಗೆ ಶತ್ರುವಿನ ಗುರುತು ಹೇಳಿಕೊಡುವ ಉಪಾಯ ನಮ್ಮ ಕೈಯಲ್ಲೇ ಇದೆ. ಯಕೃತ್ತಿನ ಕ್ಯಾನ್ಸರಿಗೆ ದೊಡ್ಡ ಕಾರಣ ಹೆಪಟೈಟಿಸ್ ಬಿ ವೈರಸ್. 1984ರಲ್ಲಿ ಮಕ್ಕಳಿಗೆ ಲಸಿಕೆ ಆರಂಭಿಸಿದ ತೈವಾನ್‌ನಲ್ಲಿ 6ರಿಂದ 14 ವರ್ಷದ ಮಕ್ಕಳ ಯಕೃತ್ತಿನ ಕ್ಯಾನ್ಸರ್ ಸುಮಾರು ಅರ್ಧಕ್ಕೆ ಇಳಿದದ್ದು 1997ರ ಹೊತ್ತಿಗೇ ಗೊತ್ತಾಯಿತು. ನಮ್ಮಲ್ಲೂ ಈ ಲಸಿಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು. ಹೆರಿಗೆ ವಾರ್ಡಿನಲ್ಲಿ ಪೇಢೆ ಹಂಚುವ ಮೊದಲು, ‘ಕೂಸಿಗೆ ಆ ಸೂಜಿ ಆತೇನ್ರಿ?’ ಎಂದು ಕೇಳಿ. ಲಸಿಕೆ ಸಿಗದೆ ಬೆಳೆದ ನಮ್ಮ ಅಪ್ಪ-ಅವ್ವಂದಿರ ರಕ್ತಪರೀಕ್ಷೆ ಮಾಡಿಸಿ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಗೂ ಔಷಧಕ್ಕೂ ದುಡ್ಡಿಲ್ಲ.

ಈ ವರ್ಷವೂ ಗೋವಿನಜೋಳ ಬಿತ್ತಿದ್ದೇವೆ. ತೆನೆಗೆ ಹಾಲು ಬಂದಾಗ ಕಾಕಾ ಅವರ ಮಗ ಅಟ್ಟಣಿಗೆ ಹತ್ತುತ್ತಾನೆ. ಹಂದಿ ಹೊಕ್ಕ ಮೇಲೆ ಕೂಗಿದರೆ ಉಪಯೋಗವಿಲ್ಲ, ಬೇಲಿಯ ಹತ್ತಿರ ಸಪ್ಪಳ ಆದಾಗಲೇ ಕೂಗಬೇಕು ಎಂದು ಅವನಿಗೆ ಕಲಿಸಿದವರು ಕಾಕಾನೇ. ಅವರ ಕಣ್ಣು ಹಳದಿಯಾದಾಗ ನಮಗೆ ಆ ಸಪ್ಪಳ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಕೇಳಿಸಿದರೆ, ಅವತ್ತೇ ಬಸ್ಸು ಹತ್ತಿ.