ಮೂವತ್ತಮೂರನೆಯ ಸಂಧಿ

ಒಬ್ಬ ಕವಿಯ ಗ್ರಂಥವು ಎಲ್ಲಿಗೆ ಮುಗಿಯಿತೆಂಬ ಪ್ರಶ್ನೆಯು ಮೇಲುನೋಟಕ್ಕೆ ಪಂಡಿತರ ಕಾಲಕ್ಷೇಪದಂತೆ ತೋರಬಹುದು. ಆದರೆ ವಾಚಕಮಹಾಶಯರೆ, ನಮ್ಮ ಮಾನ್ವಿಯ ಸೀಮೆಯಲ್ಲಿ ಈ ಪ್ರಶ್ನೆಯು ಪಂಡಿತರ ಪಡಸಾಲೆಯನ್ನು ದಾಟಿ ಅಡಿಗೆಯ ಮನೆಯವರೆಗೂ ಬಂದು ಕುಳಿತಿರುವುದುಂಟು. ಹರಿಕಥಾಮೃತಸಾರದ ಸಂಧಿಗಳು ಎಷ್ಟು? ಮೂವತ್ತೆರಡು ಎಂದು ಒಬ್ಬರೆನ್ನುವರು, ಮೂವತ್ತಮೂರು ಎಂದು ಮತ್ತೊಬ್ಬರು. ಇಬ್ಬರ ಕೈಯಲ್ಲಿಯೂ ಅಚ್ಚಾದ ಪುಸ್ತಕವಿರುವುದು. ಇಬ್ಬರೂ ಸುಳ್ಳು ಹೇಳುವವರಲ್ಲ.

ವಿಷಯವನ್ನು ಅರಿಯದ ದೂರದ ವಾಚಕರಿಗಾಗಿ ಎರಡು ಮಾತು. ಈ ಗ್ರಂಥವನ್ನು ರಚಿಸಿದ ಜಗನ್ನಾಥದಾಸರು ೧೭೨೮ರಲ್ಲಿ ಮಾನ್ವಿಯ ಸೀಮೆಯ ಬ್ಯಾಗವಾಟದಲ್ಲಿ ಜನಿಸಿ, ೧೮೦೯ರಲ್ಲಿ ಮಾನ್ವಿಯಲ್ಲಿಯೇ ದೇಹವನ್ನು ಬಿಟ್ಟವರು. ಭಾದ್ರಪದ ಶುದ್ಧ ನವಮಿಯ ದಿನ ಇಂದಿಗೂ ಅಲ್ಲಿ ಅವರ ಆರಾಧನೆಯು ನಡೆಯುವುದು. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಹೆಸರಿನ ಸಂಸ್ಕೃತ ವಿದ್ವಾಂಸರು. ಚೀಕಲಪರ್ವಿಯ ವಿಜಯದಾಸರು ಒಮ್ಮೆ ಭೋಜನಕ್ಕೆ ಆಹ್ವಾನಿಸಿದಾಗ, ಕನ್ನಡದಲ್ಲಿ ಪದ ಹಾಡಿಕೊಂಡು ತಿರುಗುವ ದಾಸರ ಪಂಕ್ತಿಯಲ್ಲಿ ಕುಳಿತುಕೊಳ್ಳುವುದೇ ಎಂದು ಬಗೆದು, ಹೊಟ್ಟೆನೋವಿನ ನೆವವನ್ನು ಹೇಳಿ ಕಳುಹಿಸಿದರಂತೆ. ನೆವವು ನಿಜವಾಗಿ ಬಾಧಿಸತೊಡಗಲು, ಕಡೆಗೆ ದೇವದುರ್ಗದ ಸೀಮೆಯ ಮೊಸರಕಲ್ಲಿನವರಾದ ಗೋಪಾಲದಾಸರನ್ನು ಮೊರೆಹೊಕ್ಕು, ಅವರು ತಮ್ಮ ಆಯುಸ್ಸಿನಲ್ಲಿಯೇ ನಾಲ್ವತ್ತು ವರ್ಷಗಳನ್ನು ದಾನಮಾಡಿದ ಮೇಲೆ ಗುಣಹೊಂದಿದರೆಂದು ಐತಿಹ್ಯವಿರುವುದು. ಐತಿಹ್ಯವನ್ನು ಅವರವರ ಶ್ರದ್ಧೆಗೆ ತಕ್ಕಂತೆ ಗ್ರಹಿಸಬಹುದು. ಈ ಲೇಖನಕ್ಕೆ ಬೇಕಾದುದು ಅದರೊಳಗಿನ ಒಂದೇ ಅಂಶ: ಕನ್ನಡವೆಂದು ಮುಖ ತಿರುಗಿಸಿದ ವಿದ್ವಾಂಸನೇ ಮುಂದೆ ಶಾಸ್ತ್ರದ ತಿರುಳನ್ನೆಲ್ಲ ಕನ್ನಡದ ಭಾಮಿನೀ ಷಟ್ಪದಿಯಲ್ಲಿ ತುಂಬಿಟ್ಟನೆಂಬುದು.

ಇನ್ನು ಆ ಮೂವತ್ತಮೂರನೆಯದು. ಅದಕ್ಕೆ ಫಲಸ್ತುತಿ ಸಂಧಿ ಅಥವಾ ಫಲಶ್ರುತಿ ಸಂಧಿ ಎಂದು ಹೆಸರು. ಇದು ಜಗನ್ನಾಥದಾಸರದಲ್ಲವೆಂಬುದಕ್ಕೆ ಹೊರಗಿನ ಸಾಕ್ಷಿಯೇ ಬೇಕಾಗಿಲ್ಲ. ಉಳಿದ ಸಂಧಿಗಳ ಕಡೆಯಲ್ಲಿ ಬರತಕ್ಕ ಜಗನ್ನಾಥವಿಠಲ ಎಂಬ ಅಂಕಿತವು ಇಲ್ಲಿ ಇಲ್ಲ. ಅದರ ಸ್ಥಾನದಲ್ಲಿ ಶ್ರೀದವಿಠಲ ಎಂಬ ಅಂಕಿತವಿದೆ. ಅದು ಅವರ ಶಿಷ್ಯರೂ ಕರ್ಜಗಿ ದಾಸಪ್ಪನವರೆಂದು ಪ್ರಸಿದ್ಧರೂ ಆದವರ ಮುದ್ರಿಕೆ. ಅಲ್ಲದೆ ಮೊದಲನೆಯ ಪದ್ಯದಲ್ಲಿಯೇ ಜಗನ್ನಾಥದಾಸರನ್ನು ಗುರುಗಳೆಂದು ಪ್ರಥಮಪುರುಷದಲ್ಲಿ ನಿರ್ದೇಶಿಸಿರುವುದು. ಯಾವ ಕವಿಯಾದರೂ ತನ್ನನ್ನು ತಾನೇ ಗುರುವರನೆಂದು ಕರೆದುಕೊಳ್ಳುವನೇ? ಕರ್ತೃತ್ವದ ವಿಷಯದಲ್ಲಿ ವಿವಾದಕ್ಕೆ ಎಡೆಯೇ ಇಲ್ಲ. ವಿವಾದವಿರುವುದು ಸ್ಥಾನದ ವಿಷಯದಲ್ಲಿ: ಅನ್ಯರು ರಚಿಸಿದ ಈ ಒಂದು ಸಂಧಿಯು ಆ ಗ್ರಂಥದ ರಟ್ಟಿನ ಒಳಗೆ ಇರಬೇಕೆ, ಹೊರಗೆ ಇರಬೇಕೆ?

ಕಳೆದ ವರ್ಷ ಆರಾಧನೆಗೆ ಮುಂಚೆ ಒಂದು ಭಜನಾಮಂಡಳಿಯವರು ಪಾರಾಯಣಕ್ಕಾಗಿ ಚಿಕ್ಕ ಪುಸ್ತಕವನ್ನು ಅಚ್ಚುಹಾಕಿಸುವ ಸಂಕಲ್ಪಮಾಡಿದರು. ಅಕ್ಷರ ದಪ್ಪವಾಗಿರಬೇಕು, ಪುಟ ಕಡಿಮೆಯಾಗಿರಬೇಕು, ವಂತಿಗೆಯ ಹಣವೂ ಮಿತವಾದುದು. ಪ್ರತಿ ತಿದ್ದುವ ಕೆಲಸವನ್ನು ಹೊತ್ತ ತರುಣ ಅಧ್ಯಾಪಕನೊಬ್ಬನು, ಗುರುಗಳು ರಚಿಸದುದನ್ನು ಗುರುಗಳ ಗ್ರಂಥವೆಂದು ಅಚ್ಚುಹಾಕುವುದು ಅಪ್ರಾಮಾಣಿಕವಾಗುವುದೆಂದು ಹೇಳಿ, ಕಡೆಯ ಸಂಧಿಯನ್ನು ತೆಗೆದುಹಾಕಿದನು. ಪುಟವೂ ಉಳಿಯಿತು, ಶಾಸ್ತ್ರವೂ ಉಳಿಯಿತು ಎಂದು ಅವನ ಭಾವನೆ. ಆದರೆ ಆ ಮಂಡಳಿಯಲ್ಲಿ ಎಂಬತ್ತರ ಸಮೀಪದ ಒಬ್ಬ ಅಜ್ಜಿಯುಂಟು. ಓದು ಬಾರದು, ಮೂವತ್ತಮೂರು ಸಂಧಿಗಳೂ ಅತ್ತೆಯ ಬಾಯಿಂದ ಕೇಳಿ ಕಂಠಗತವಾದವು. ಆಕೆ ನನ್ನನ್ನು ಕರೆಯಿಸಿ, “ಮಾಸ್ತರ, ಉಂಡವರಿಗೆ ಎಲಿ-ಅಡಿಕಿ ಕೊಡದ ಹಂಗs ಎಬ್ಬಿಸಿ ಕಳಸ್ತಾರೇನ್ರಿ?” ಎಂದಳು. ತರುಣನು ವಿನಯವಾಗಿಯೇ, “ಎಲಿ-ಅಡಿಕಿ ಬ್ಯಾಡ ಅನ್ನಂಗಿಲ್ಲ ಅವ್ವಾ, ಅದು ಅಡಿಗಿ ಮಾಡಿದವರು ಕೊಟ್ಟದ್ದಲ್ಲ ಅಂತೀನಿ” ಎಂದನು. ಇಬ್ಬರ ಮಾತೂ ನನಗೆ ರುಚಿಸಿತು. ತೀರ್ಪು ಹೇಳುವ ಭಾರವು ಮಾತ್ರ ನನ್ನ ಮೇಲೆ ಬಿದ್ದಿತು.

ತರುಣನ ಪಕ್ಷವನ್ನು ಮೊದಲು ಗೌರವದಿಂದ ಕೇಳೋಣ. ಅವನಿಗೆ ಇನ್ನೂ ಒಂದು ಬಲವಾದ ಯುಕ್ತಿಯಿತ್ತು. ಫಲವನ್ನು ಹೇಳುವುದಕ್ಕಾಗಿಯೇ ಈ ಸಂಧಿಯೆಂದಾದರೆ ಅದು ಪುನರುಕ್ತಿಯಾಗುವುದು. ಏಕೆಂದರೆ ಎರಡನೆಯದಾದ ಕರುಣಾಸಂಧಿಯ ಆರಂಭದಲ್ಲಿಯೇ ಜಗನ್ನಾಥದಾಸರು ಶ್ರವಣದಿಂದ ಮನಸ್ಸಿಗೆ ಆನಂದವಾಗುವುದೆಂದೂ ಸಂಸಾರದ ದುಃಖವು ತೊಲಗುವುದೆಂದೂ ಫಲವನ್ನು ತಾವೇ ಹೇಳಿಬಿಟ್ಟಿರುವರು. ಹೇಳಬೇಕಾದವರು ಹೇಳಬೇಕಾದೆಡೆಯಲ್ಲಿ ಹೇಳಿದ ಮೇಲೆ ಶಿಷ್ಯರು ಕೊನೆಯಲ್ಲಿ ಅದನ್ನೇ ಹೇಳುವುದೇಕೆ? ಮಂಗಲಾಚರಣ ಸಂಧಿಯಿಂದ ತೊಡಗಿ ಅಂತ್ಯದ ತಾರತಮ್ಯದವರೆಗೆ ಗುರುಗಳು ತಮ್ಮ ಕಟ್ಟಡವನ್ನು ತಾವೇ ಪೂರ್ಣಮಾಡಿರುವರು. ಅದಕ್ಕೆ ಯಾವ ಕಂಬವೂ ಕೊರತೆಯಾಗಿಲ್ಲ. ಮತ್ತು ಧಾಟಿಯ ಭೇದವನ್ನೂ ಗಮನಿಸಬೇಕು. ಗುರುಗಳದು ಬೋಧಿಸುವ ಧ್ವನಿ. ಶಿಷ್ಯರದು ಹೊಗಳುವ ಧ್ವನಿ, ನಡುನಡುವೆ ಮತ್ಸರಿಗಳಾದ ಪಂಡಿತರ ಮೇಲೆ ಒಂದೆರಡು ಚಾಟಿಯ ಏಟು. ಇವೆಲ್ಲವೂ ನಿಜವೆಂದು ಒಪ್ಪತಕ್ಕುದೇ.

ಸಂಸ್ಕೃತದಲ್ಲಿ ಇಂತಹ ಸಂದರ್ಭಗಳು ಬೇಕಾದಷ್ಟಿವೆ. ಆದರೆ ಅವೆಲ್ಲವೂ ಒಂದೇ ಜಾತಿಯವಲ್ಲ. ಬಾಣನು ಕಾದಂಬರಿಯನ್ನು ಅರ್ಧದಲ್ಲಿ ಬಿಟ್ಟು ತೀರಿಕೊಂಡಾಗ ಮಗನಾದ ಭೂಷಣಭಟ್ಟನು ಅದನ್ನು ಮುಗಿಸಿದನು. ಕಥೆ ನಿಂತುಹೋಯಿತೆಂದು ಸಜ್ಜನರು ಮರುಗಿದುದಕ್ಕಾಗಿ ಬರೆದೆನೇ ಹೊರತು ಕವಿತ್ವದ ದರ್ಪದಿಂದಲ್ಲವೆಂದು ಮೊದಲೇ ತಲೆಬಾಗಿ ನಿವೇದಿಸಿಕೊಂಡಿರುವನು. ಭೋಜರಾಜನ ಚಂಪೂರಾಮಾಯಣವು ಸುಂದರಕಾಂಡಕ್ಕೆ ನಿಲ್ಲಲು ಯುದ್ಧಕಾಂಡವನ್ನು ಲಕ್ಷ್ಮಣಸೂರಿಯು ಬರೆದನು. ನಮ್ಮಲ್ಲಿಯೇ ಕುಮಾರವ್ಯಾಸನು ಹತ್ತು ಪರ್ವಗಳಿಗೆ ನಿಲ್ಲಿಸಿದ ಭಾರತವನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಮುಂದುವರಿಸಿದನು. ಇವು ಪೂರಣಗಳು, ಅರ್ಧವಾಗಿದ್ದುದನ್ನು ತುಂಬಿದವು. ಕುಮಾರಸಂಭವದ ಎಂಟನೆಯ ಸರ್ಗದ ಮುಂದಿನ ಸರ್ಗಗಳಾದರೋ ಬೇರೆ ಬಗೆಯವು. ಮಲ್ಲಿನಾಥನ ವ್ಯಾಖ್ಯಾನವು ಎಂಟಕ್ಕೇ ನಿಲ್ಲುವುದು. ಉಳಿದವು ಕಾಳಿದಾಸನ ಹೆಸರಿನ ಮರೆಯಲ್ಲಿ ಬಂದು ಸೇರಿಕೊಂಡವೆಂದು ಬಲ್ಲವರ ಮತ. ಅವನ್ನು ಪ್ರಕ್ಷಿಪ್ತವೆನ್ನಬೇಕು.

ಶ್ರೀದವಿಠಲರದು ಇವೆರಡರಲ್ಲಿ ಯಾವುದೂ ಅಲ್ಲ. ಗುರುಗಳು ಕೊರತೆಯಾಗಿ ಬಿಟ್ಟುದೇನೂ ಇರಲಿಲ್ಲವಾದುದರಿಂದ ಪೂರಣವಲ್ಲ. ತಮ್ಮ ಅಂಕಿತವನ್ನು ಬಹಿರಂಗವಾಗಿ ಹಾಕಿರುವುದರಿಂದ ಪ್ರಕ್ಷಿಪ್ತವೂ ಅಲ್ಲ. ಅಂಕಿತವೆಂಬುದು ನಮ್ಮ ದಾಸಸಾಹಿತ್ಯದಲ್ಲಿ ಎಂತಹ ದೊಡ್ಡ ಉಪಕಾರವೆಂಬುದನ್ನು ಇಂತಹ ವೇಳೆಯಲ್ಲಿಯೇ ತಿಳಿಯಬೇಕು. ಕಳ್ಳನಾದವನು ಮನೆಗೆ ಹೊಕ್ಕು ಬಾಗಿಲ ಮೇಲೆ ತನ್ನ ಹೆಸರನ್ನು ಬರೆದು ಹೋಗುವುದುಂಟೆ?

ಇಲ್ಲಿ ಒಂದು ಅಡ್ಡಮಾತು. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನು ಈ ವಾದವನ್ನು ಕೇಳಿ ನಕ್ಕು, ಇದೇ ಜಗಳವು ಸೀಮೆಯವರ ಹಾಡಿನ ತಟ್ಟೆಗಳಲ್ಲಿಯೂ ಉಂಟೆಂದು ಹೇಳಿದನು. ಇಂಗ್ಲೆಂಡಿನ ಬೀಟಲ್ಸ್ ಎಂಬ ನಾಲ್ವರು ಗಾಯಕರು ೧೯೬೭ರಲ್ಲಿ ಸಾರ್ಜೆಂಟ್ ಪೆಪ್ಪರ್ ಎಂಬುವನ ಹೆಸರಿನಲ್ಲಿ ಒಂದು ಗಾನಸಂಪುಟವನ್ನು ಹೊರಡಿಸಿದರು. ಅದರ ಎರಡನೆಯ ಮಗ್ಗುಲಿನ ಮೊದಲಲ್ಲಿ ಜಾರ್ಜ್ ಹ್ಯಾರಿಸನ್ ಎಂಬಾತನು ರಚಿಸಿದ ಹಾಡೊಂದಿದೆ. ಉಳಿದ ಮೂವರು ಅದರಲ್ಲಿ ಹಾಡಿಲ್ಲ, ನುಡಿಸಿಲ್ಲ. ಸಿತಾರ, ತಬಲಾ, ದಿಲ್‌ರುಬಾಗಳನ್ನು ಕೂಡಿಸಿಕೊಂಡು ಅದು ನಮ್ಮ ಸಂಗೀತದ ಹಾದಿಯಲ್ಲಿ ನಡೆಯುವುದು. ಆ ಸಂಪುಟವನ್ನು ತಲೆಯ ಮೇಲೆ ಹೊತ್ತುಕೊಳ್ಳುವವರಲ್ಲಿಯೂ ಅನೇಕರು ಆ ಒಂದು ಹಾಡು ಬಂದಾಗ ಮುಳ್ಳನ್ನು ಎತ್ತಿ ಮುಂದಿಡುವರಂತೆ. ನನಗೆ ಆತನು ಅದನ್ನು ಕೇಳಿಸಿದನು. ಉಳಿದ ಹಾಡುಗಳ ಗದ್ದಲದ ನಡುವೆ ಅದೊಂದೇ ನನಗೆ ಕುಳಿತು ಕೇಳುವಂತಹುದಾಗಿ ಕಂಡಿತು. ಇದು ನನ್ನ ಕಿವಿಯ ಪಕ್ಷಪಾತವೆಂದು ಅವನೆಂದನು. ಇರಲಿ. ಅಲ್ಲಿ ಹಾಡಿದವನು ನಾಲ್ವರಲ್ಲೊಬ್ಬನು, ತಾವೇ ಒಪ್ಪಿ ಸೇರಿಸಿದರು. ಆದುದರಿಂದ ಅದು ಅವರ ಮನೆಯದೇ ಆಯಿತು. ನಮ್ಮ ಪ್ರಕರಣವು ಅದಕ್ಕಿಂತ ಸೂಕ್ಷ್ಮವಾದುದು.

ಈಗ ಆ ಸಂಧಿಯೊಳಗೆ ಏನಿದೆಯೆಂಬುದನ್ನು ನೋಡಬೇಕು. ಹೆಸರು ಫಲಸ್ತುತಿಯೆಂದಿದ್ದರೂ, ಇಷ್ಟು ಸಲ ಓದಿದರೆ ಇಷ್ಟು ಧನ, ಇಷ್ಟು ಸಂತಾನ ಎಂಬ ಅಂಗಡಿಯ ಲೆಕ್ಕವನ್ನು ನಿರೀಕ್ಷಿಸಿ ಹೋದವರಿಗೆ ಬೇರೆ ಸಾಮಗ್ರಿಯೇ ದೊರೆಯುವುದು. ಪಠಿಸುವವರ ಕೈಯನ್ನು ಶ್ರೀಕೃಷ್ಣನು ಹಿಡಿಯಲೆಂದು ಪ್ರೇಮದಿಂದ ಈ ಗ್ರಂಥವನ್ನು ರಚಿಸಿದ ಗುರುಕಾರುಣ್ಯಕ್ಕೆ ಬೆರಗಾಗುವ ಪದ್ಯವೊಂದುಂಟು. ಯತಿಪ್ರಾಸಗಳಿಗಾಗಿ ಪ್ರಯತ್ನಪಟ್ಟಂತೆ ತೋರದೆ ಕಾವ್ಯವು ಕಿವಿಗೆ ಹಿತವಾಗಿ ಬಂದಿರುವುದೇ ಇದರ ಗುರುತೆಂದು ಹೇಳುವ ಮತ್ತೊಂದು ಪದ್ಯವುಂಟು. ಇದು ಭಕ್ತನ ಮಾತಷ್ಟೇ ಅಲ್ಲ, ಒಬ್ಬ ಕಾವ್ಯರಸಿಕನ ಪರೀಕ್ಷೆ. ಷಟ್ಪದಿಯನ್ನು ಮಕ್ಕಳಿಗೆ ಕಲಿಸುವಾಗ ಎಳೆದು ತಂದ ಪ್ರಾಸಕ್ಕೂ ತಾನಾಗಿ ಬಂದ ಪ್ರಾಸಕ್ಕೂ ಇರುವ ಭೇದವನ್ನು ತಿಳಿಸುವುದಕ್ಕೆ ನಾನು ಪಟ್ಟ ಪಾಡು ನನಗೇ ಗೊತ್ತು. ಶ್ರೀದವಿಠಲರು ಅದನ್ನು ಅರ್ಧ ಪದ್ಯದಲ್ಲಿ ಹೇಳಿ ಮುಗಿಸಿರುವರು.

ಎಲ್ಲಕ್ಕಿಂತ ಮಿಗಿಲಾದುದು ಭಾಷೆಯ ಮಾತು. ಇದು ಪ್ರಾಕೃತದ ಮಾತೆಂದು, ಎಂದರೆ ನಾಡನುಡಿಯ ಮಾತೆಂದು ಜರೆಯುವವರು ಕೃತಘ್ನರು. ಭಗವಂತನ ನಿರ್ಮಲ ಗುಣಗಳು ಇದರಲ್ಲಿ ತುಂಬಿರುವಾಗ ಪ್ರಾಕೃತವೆಂದರೇನು, ಸಂಸ್ಕೃತದ ಸಡಗರದಿಂದಾಗುವುದೇನು ಎಂಬ ಅರ್ಥದಲ್ಲಿ ಅವರು ಕೇಳುವರು. ಸಂಸ್ಕೃತವನ್ನೇ ಉಂಡು ಬೆಳೆದ ನನ್ನಂತಹವನಿಗೆ ಈ ಪದ್ಯವು ಬಂದಾಗಲೆಲ್ಲ ಸ್ವಲ್ಪ ನೆಟ್ಟಗೆ ಕುಳಿತುಕೊಳ್ಳುವಂತಾಗುವುದು. ಗ್ರಂಥವು ಕನ್ನಡದ್ದಾದರೂ ಅದಕ್ಕೆ ಸಂಸ್ಕೃತದಲ್ಲಿಯೂ ವ್ಯಾಖ್ಯಾನವು ಹುಟ್ಟಿತೆಂಬುದನ್ನು ಬಲ್ಲವರಿಗೆ, ಆ ಪ್ರಶ್ನೆಗೆ ಪಂಡಿತರೇ ಯಾವ ಉತ್ತರವನ್ನು ಕೊಟ್ಟರೆಂಬುದು ತಿಳಿದಿದೆ.

ಈ ಮಾತನ್ನು ಗುರುಗಳು ತಾವೇ ತಮ್ಮ ಗ್ರಂಥದ ಕೊನೆಯಲ್ಲಿ ಆಡಬಹುದಾಗಿತ್ತೆ? ಒಂದು ಕಾಲದಲ್ಲಿ ದಾಸರ ಕನ್ನಡವನ್ನು ಕೀಳೆಂದು ಬಗೆದವರೆಂದು ಲೋಕವು ಯಾರನ್ನು ನೆನೆಯುವುದೋ, ಅವರೇ ಎದ್ದುನಿಂತು ‘ನನ್ನ ಕನ್ನಡವನ್ನು ಜರೆಯಬೇಡಿರಿ’ ಎಂದರೆ ಸೊಗಯಿಸುವುದೆ? ತನ್ನ ಕೃತಿಯು ಶ್ರಾವ್ಯವಾಗಿದೆಯೆಂದು ಕವಿಯು ತಾನೇ ಹೇಳಿಕೊಂಡರೆ ಕೇಳುವವರು ಮುಗುಳ್ನಗುವರು. ಎದುರಿಗೆ ಕುಳಿತು ಕೇಳಿದವನು, ಅದರಿಂದ ಬಾಳನ್ನು ತಿದ್ದಿಕೊಂಡವನು ಹೇಳಿದರೆ ಅದಕ್ಕೆ ಸಾಕ್ಷ್ಯದ ಬೆಲೆ ಬರುವುದು. ಸಾಕ್ಷಿಯು ವಾದಿಯಾಗಲಾರನೆಂಬ ಕಾರಣಕ್ಕೆ ಸಾಕ್ಷ್ಯವನ್ನೇ ಕಡತದಿಂದ ಹರಿದೊಗೆಯುವರೆ? ತರುಣ ಅಧ್ಯಾಪಕನ ವಾದದಲ್ಲಿ ಲೋಪವಿದ್ದುದು ಇಲ್ಲಿಯೇ. ಕರ್ತೃವು ಬೇರೆಯೆಂದು ಆತನು ಸಿದ್ಧಪಡಿಸಿದನು. ಆದುದರಿಂದ ಸ್ಥಾನವಿಲ್ಲವೆಂದು ಹೇಳಿದುದು ಮಾತ್ರ ಆ ಸಿದ್ಧಾಂತದಿಂದ ಹೊರಡಲಿಲ್ಲ.

ಅಜ್ಜಿಯ ಪಕ್ಷಕ್ಕೆ ಪೂರ್ಣ ಜಯವನ್ನು ಕೊಡುವುದಕ್ಕೂ ನನ್ನ ಮನಸ್ಸು ಒಪ್ಪಲಿಲ್ಲ. ಒಂದೇ ಬಗೆಯ ಅಕ್ಷರದಲ್ಲಿ, ಒಂದೇ ಸಾಲಿನ ಅಂಕೆಯಲ್ಲಿ, ಹೆಸರಿಲ್ಲದೆ ಮೂವತ್ತಮೂರನೆಯದೆಂದು ಅಚ್ಚುಹಾಕುತ್ತ ಹೋದರೆ, ಮುಂದಿನ ತಲೆಮಾರಿನವರು ಅದನ್ನೂ ಜಗನ್ನಾಥದಾಸರದೆಂದೇ ತಿಳಿಯುವರು. ಆಗ ಗುರುಗಳು ಆತ್ಮಪ್ರಶಂಸೆಯ ದೋಷಕ್ಕೆ ಗುರಿಯಾಗುವರು, ಶಿಷ್ಯರು ತಮ್ಮ ಹೆಸರನ್ನೇ ಕಳೆದುಕೊಳ್ಳುವರು. ನನ್ನ ಮನೆಯಲ್ಲಿರುವ ಒಂದು ಧ್ವನಿಸುರುಳಿಯ ಹೊದಿಕೆಯ ಮೇಲೆ ಮೂವತ್ತಮೂರು ಸಂಧಿಗಳ ಹೆಸರೂ ಸಾಲಾಗಿವೆ; ಶ್ರೀದವಿಠಲರ ಹೆಸರು ಎಲ್ಲಿಯೂ ಇಲ್ಲ. ಈಗ ಮಕ್ಕಳು ಕೈಯ ದೂರವಾಣಿಯಲ್ಲಿಯೇ ಇವನ್ನು ಕೇಳುವರು. ಅಲ್ಲಿ ಹೊದಿಕೆಯೂ ಇಲ್ಲ.

ಆದುದರಿಂದ ಮಂಡಳಿಯವರಿಗೆ ನಾನು ಹೇಳಿದುದು ಇಷ್ಟು. ಮೂವತ್ತೆರಡನೆಯ ಸಂಧಿಯು ಮುಗಿದೆಡೆಯಲ್ಲಿ ಗ್ರಂಥವು ಸಮಾಪ್ತವಾಯಿತೆಂದು ಅಚ್ಚುಹಾಕಿರಿ. ಮುಂದಿನ ಹಾಳೆಯನ್ನು ಹೊಸದಾಗಿ ಆರಂಭಿಸಿ, ಮೇಲೆ ಶ್ರೀದವಿಠಲರ ಹೆಸರನ್ನು ದಪ್ಪಕ್ಷರದಲ್ಲಿ ಇಟ್ಟು, ಫಲಸ್ತುತಿಯನ್ನು ಪೂರ್ಣವಾಗಿ ಕೊಡಿರಿ. ಅದಕ್ಕೆ ಅಂಕೆಯನ್ನು ಹಾಕಬೇಡಿರಿ. ಪುಟ ಹೆಚ್ಚಾಗುವುದೆಂದು ಒಬ್ಬರು ಹೇಳಿದರು. ಅಭಿನಂದನೆಯ ಪುಟಗಳೆರಡಿದ್ದವು, ಅವುಗಳಲ್ಲಿ ಒಂದನ್ನು ತೆಗೆಯಿಸಿದೆನು. ವಂತಿಗೆಯನ್ನು ಕೊಟ್ಟ ಮಹನೀಯರಲ್ಲಿ ಇಬ್ಬರು ನನ್ನೊಡನೆ ಈಗಲೂ ಅಷ್ಟಾಗಿ ಮಾತನಾಡುವುದಿಲ್ಲ.

ವಾಚಕರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಪ್ರತಿಯಿದ್ದರೆ ಕಡೆಯ ಹಾಳೆಗಳನ್ನೊಮ್ಮೆ ತೆರೆದು ನೋಡುವುದು. ಅಲ್ಲಿ ಶಿಷ್ಯರ ಹೆಸರು ಅಚ್ಚಾಗಿಲ್ಲದಿದ್ದಲ್ಲಿ, ಮೇಲ್ಗಡೆಯ ಖಾಲಿಯ ಜಾಗದಲ್ಲಿ ಸೀಸದ ಕಡ್ಡಿಯಿಂದ ‘ಶ್ರೀದವಿಠಲರು’ ಎಂದು ಬರೆದಿಡಬಹುದು.