ಜಿಲ್ಲೆಗೊಂದು ಮಳೆ ನಕ್ಷೆ ಇದೆ, ಗಾಳಿಯ ಲೆಕ್ಕ ಸರಿ ಇದೆಯಾ?

2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಮ್’ಗೆ ಚಾಲನೆ ಕೊಟ್ಟಾಗ ದೊಡ್ಡದಾಗಿ ಬಂದ ಸುದ್ದಿ: ಇನ್ನು ಪಂಚಾಯಿತಿ ಮಟ್ಟದಲ್ಲೂ ಮಳೆ ಮುನ್ಸೂಚನೆ. ಪುಣೆಯ ಐಐಟಿಎಂ ರೂಪಿಸಿದ ಈ ಮಾದರಿ ನೆಲವನ್ನು ಸುಮಾರು 6 ಕಿ.ಮೀ. ಅಗಲದ ತುಂಡುಗಳಾಗಿ ಲೆಕ್ಕ ಹಾಕುತ್ತೆ. ಹಿಂದಿನದು 12 ಕಿ.ಮೀ. ಇತ್ತು. ಒಳ್ಳೆಯ ಬೆಳವಣಿಗೆಯೇ. ಆದರೆ ಇದು ಮುಂದಿನ ಕೆಲವು ದಿನಗಳ ಮಾತು. 2050ರ ಹೊತ್ತಿಗೆ ಮಳೆ ಹೇಗಿರುತ್ತೆ ಅಂತ ಹೇಳುವ ಜಾಗತಿಕ ಮಾದರಿಗಳಲ್ಲಿ ಹೆಚ್ಚಿನವು ಈಗಲೂ ನೋಡುವುದು 100 ಕಿ.ಮೀ. ಆಸುಪಾಸಿನ ತುಂಡುಗಳಲ್ಲೇ.

ಅಂದ್ರೆ ಏನು? ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ನೇರ ದೂರದಲ್ಲಿ 200 ಕಿ.ಮೀ. ಕೂಡ ಇಲ್ಲದ ಚಳ್ಳಕೆರೆಯಲ್ಲಿ 500 ಮಿ.ಮೀ. ಬಂದರೆ ಪುಣ್ಯ. ಆ ಮಾದರಿಗೆ ಇವೆರಡೂ ಅಕ್ಕಪಕ್ಕದ ಮನೆ. ಸರಾಸರಿಯಲ್ಲಿ ಘಟ್ಟವೇ ಕರಗಿ ದಿಬ್ಬವಾಗಿರುತ್ತೆ.

‘ಸ್ಥಳೀಯ ವಿವರ ತಾನೆ, ಆಮೇಲೆ ಸೇರಿಸಿದರಾಯ್ತು’ ಅಂತ ಅನ್ನಿಸಬಹುದು. ಎಡವಟ್ಟು ಇರುವುದು ಇಲ್ಲೇ. ಇಂಥ ವಿವರ ತಪ್ಪಿದರೆ ಸಾವಿರಾರು ಕಿ.ಮೀ. ಉದ್ದದ ಗಾಳಿಯ ಹರಿವೇ ತಪ್ಪಬಹುದು.

2013ರಲ್ಲಿ ವಿಲಿಯಂ ಬೂಸ್ ಮತ್ತು ಜಾನ್ ಹರ್ಲಿ ತೋರಿಸಿದ್ದು ಇದನ್ನೇ. ಟಿಬೆಟ್‌ ಪ್ರಸ್ಥಭೂಮಿಯ ಪಶ್ಚಿಮಕ್ಕೆ, ಹಿಂದೂಕುಷ್ ಕಡೆಯ ಬೆಟ್ಟಗಳು ಮರುಭೂಮಿಯ ಒಣಗಾಳಿ ಉತ್ತರ ಭಾರತಕ್ಕೆ ನುಗ್ಗದಂತೆ ತಡೆಯುತ್ತವೆ. ಮಾದರಿಗಳಲ್ಲಿ ಈ ಬೆಟ್ಟಗಳು ಸವೆದುಹೋಗಿರುತ್ತವೆ. ಒಣಗಾಳಿ ಒಳಬಂದು ತೇವದ ಗಾಳಿಗೆ ಬೆರೆಯುತ್ತೆ, ಮೋಡ ಏಳುವುದು ಕಡಿಮೆಯಾಗುತ್ತೆ, ಇಡೀ ಮುಂಗಾರು ಪರಿಚಲನೆ ದುರ್ಬಲವಾಗುತ್ತೆ. ಒಂದು ಮಾದರಿಯಲ್ಲಿ ಬೇಕೆಂದೇ ಬೆಟ್ಟ ಸವೆಸಿ ನೋಡಿದಾಗಲೂ ಇದೇ ಥರದ ದೋಷ ಬಂತು.

ನಮ್ಮ ಪಶ್ಚಿಮ ಘಟ್ಟದ್ದೂ ಇಂಥದ್ದೇ ಕಥೆ. ಅದು ಬರೀ ಮಳೆ ಸುರಿಸಿಕೊಳ್ಳುವ ಗೋಡೆಯಲ್ಲ. ಆವಿ ನೀರಾಗುವಾಗ ಬಿಡುವ ಶಾಖವೇ ಮುಂಗಾರಿನ ಪರಿಚಲನೆಗೆ ಇಂಧನ. ಆ ಶಾಖ ಎಲ್ಲಿ ಬಿಡುಗಡೆಯಾಗುತ್ತೆ ಅನ್ನುವುದನ್ನು ನಿರ್ಧರಿಸುವಲ್ಲಿ ಘಟ್ಟದಂಥ ಕಿರಿದಾದ ಬೆಟ್ಟಸಾಲುಗಳಿಗೂ ಪಾಲಿದೆ.

ಈಗ ರಾಜಕೀಯಕ್ಕೆ ಬರೋಣ. ಹವಾಮಾನ ಯೋಜನೆಗಳಲ್ಲಿ ಜಿಲ್ಲಾವಾರು ಬಣ್ಣದ ನಕ್ಷೆಗಳನ್ನು ನೋಡಿರುತ್ತೀರಿ. ಜಿಲ್ಲೆಯ ವಿವರ ತೆಗೆಯುವ ಒಂದು ಮುಖ್ಯ ವಿಧಾನ ಹೀಗಿದೆ: ಜಾಗತಿಕ ಮಾದರಿಯ ಗಾಳಿ, ತೇವಾಂಶವನ್ನು ಗಡಿಯಲ್ಲಿ ಕೊಟ್ಟು ಒಳಗೆ ಸಣ್ಣ ತುಂಡುಗಳ ಪ್ರಾದೇಶಿಕ ಮಾದರಿ ಓಡಿಸುವುದು. ಇದು ಘಟ್ಟವನ್ನು ಚೆನ್ನಾಗಿ ನೋಡುತ್ತೆ, ನಿಜ. ಆದರೆ ಸಾಮಾನ್ಯವಾಗಿ ಈ ದಾರಿ ಏಕಮುಖ. ಒಳಗೆ ಕಂಡದ್ದು ಜಾಗತಿಕ ಮಾದರಿಗೆ ವಾಪಸ್ ಹೋಗಲ್ಲ. ಗಡಿಯಲ್ಲಿ ಬಂದ ಗಾಳಿಯೇ ತಪ್ಪಿದ್ದರೆ? ಪಾಸ್‌ಪೋರ್ಟ್ ಫೋಟೊವನ್ನು ಫ್ಲೆಕ್ಸ್ ಮಾಡಿಸಿದ ಹಾಗೆ. ದೊಡ್ಡದಾಗಿ ಕಾಣುತ್ತೆ, ಮುಖ ಮಾತ್ರ ಅದೇ.

ತುಂಡು ಸಣ್ಣದು ಮಾಡುತ್ತಾ ಹೋದರೆ ಸಾಕಾ? ಅಗಲ ಅರ್ಧಕ್ಕಿಳಿಸಿದರೆ ಲೆಕ್ಕದ ಕೆಲಸ ಸುಮಾರು 8 ಪಟ್ಟು ಏರುತ್ತೆ: ತುಂಡುಗಳು ನಾಲ್ಕು ಪಟ್ಟು, ಕಾಲದ ಹೆಜ್ಜೆಗಳು ಎರಡು ಪಟ್ಟು. 6 ಕಿ.ಮೀ.ನಲ್ಲೂ ಒಂದೊಂದು ಮೋಡ ಬಿಡಿಯಾಗಿ ಕಾಣಲ್ಲ, ಅಂದಾಜೇ ಗತಿ. ಆ ಅಂದಾಜನ್ನು ತಿದ್ದಲು ನೆಲದ ಅಳತೆ ಬೇಕು. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದ ಸ್ವಯಂಚಾಲಿತ ಮಳೆಮಾಪಕಗಳೇ 6 ಸಾವಿರಕ್ಕೂ ಹೆಚ್ಚಿವೆ. ಇದು ನಮ್ಮ ಕೈಲಿರುವ ಆಸ್ತಿ.

ಹಾಗಂತ ‘ಮಾದರಿಗಳೆಲ್ಲ ಸುಳ್ಳು’ ಅನ್ನುವ ವಾಟ್ಸಾಪ್ ವಾದಕ್ಕೆ ಇದು ಸಾಕ್ಷಿ ಅಲ್ಲ. ಭೂಮಿ ಬಿಸಿಯಾಗುತ್ತಿರುವುದರಲ್ಲಿ ಅನುಮಾನವಿಲ್ಲ. ನಿಮ್ಮ ತಾಲ್ಲೂಕಿನ ಮಳೆಯ ಬಗ್ಗೆ ಅಷ್ಟೇ ಖಚಿತವಾಗಿ ಒಂದೇ ಅಂಕಿ ಕೊಡುವವರನ್ನು ಮಾತ್ರ ಪ್ರಶ್ನಿಸಬೇಕು. ಇಂಥ ಅಂಕಿಗಳ ಮೇಲೆ ನಾಳೆ ಮೋರಿ, ಸೇತುವೆ, ಕೆರೆ ಕೋಡಿಯ ಅಳತೆ ನಿಂತರೆ ಅವು 50 ವರ್ಷ ಇರುವಂಥವು.

ಹಾಗಾಗಿ ನಕ್ಷೆ ತೋರಿಸಿದಾಗ ಮೂರು ವಿಷಯ ಕೇಳಿ: ಯಾವ್ಯಾವ ಮಾದರಿ ಬಳಸಿದಿರಿ? ಕಳೆದ 30 ವರ್ಷದ ಮುಂಗಾರನ್ನು ಅವು ಸರಿಯಾಗಿ ಹೇಳಿದವಾ? ಮಾದರಿ ಮಾದರಿಗೂ ಅಂಕಿ ಎಷ್ಟು ಬದಲಾಗುತ್ತೆ? ಉತ್ತರ ವರದಿಯಲ್ಲಿ ಇಲ್ಲದಿದ್ದರೆ ಆರ್‌ಟಿಐ ಹಾಕಿ.